ಸಹಾಯ ಬೇಕು: ಔಷಧಿ ಬಗ್ಗೆ ನಂಬುವಂಥ ಮಾಹಿತಿ ಹುಡುಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಥೈರಾಯ್ಡ್ ಮಾತ್ರೆ ಶುರುವಾಗಿದೆ. ಕ್ಯಾಲ್ಸಿಯಂ ಮಾತ್ರೆಯನ್ನು ಎಷ್ಟು ಹೊತ್ತು ಬಿಟ್ಟು ಕೊಡಬೇಕು ಅಂತ ಹುಡುಕಿದರೆ ಮೊದಲ ಪುಟದ ತುಂಬ ಮಾತ್ರೆ ಮಾರುವವರೇ. ಒಂದೇ ವಾಕ್ಯ ಹತ್ತು ಕಡೆ ನಕಲಾಗಿದೆ, ಮೂಲ ಯಾರದೋ ತಿಳಿಯದು. ಕೊನೆಗೆ ಔಷಧಿಯ ಜೆನೆರಿಕ್ ಹೆಸರು (ಕಂಪನಿಯ ಬ್ರ್ಯಾಂಡ್ ಹೆಸರಲ್ಲ) ಲೆವೊಥೈರಾಕ್ಸಿನ್ ಹಾಕಿ, ‘site’ ಆದ ಮೇಲೆ ಕೋಲನ್ (site:) ಕೊಟ್ಟು, ಅಮೆರಿಕ ಸರ್ಕಾರದ ಆರೋಗ್ಯ ಮಾಹಿತಿ ತಾಣವಾದ ಮೆಡ್‌ಲೈನ್‌ಪ್ಲಸ್ ಒಳಗಷ್ಟೇ ಹುಡುಕಿದೆ. ಕನಿಷ್ಠ 4 ಗಂಟೆ ಅಂತರ ಅಂತ ಸ್ಪಷ್ಟವಾಗಿ ಸಿಕ್ಕಿತು, ಡಾಕ್ಟರೂ ಅದನ್ನೇ ಹೇಳಿದರು.

ಈಗ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ತಾಣ ಪಬ್‌ಮೆಡ್ ಬಳಸಲು ಕಲಿಯಬೇಕು. ಅಲ್ಲಿ ಸಾವಿರಾರು ಲೇಖನ ಬಂದು ತಲೆ ಕೆಡುತ್ತೆ. ‘ಸಿಸ್ಟಮ್ಯಾಟಿಕ್ ರಿವ್ಯೂ’ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಕ್ರಮಬದ್ಧವಾಗಿ ಒಟ್ಟು ಸೇರಿಸಿ ಪರಿಶೀಲಿಸುವ ಲೇಖನ) ಫಿಲ್ಟರ್ ಒಂದೇ ಸಾಕಾ? ಅಧ್ಯಯನಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಲೇಖನದಲ್ಲಿ ಎಲ್ಲಿ ನೋಡಬೇಕು? ಎರಡು ಒಳ್ಳೆಯ ಮೂಲಗಳೇ ಬೇರೆ ಬೇರೆ ಹೇಳಿದರೆ ನೀವು ಏನು ಮಾಡ್ತೀರಿ? ಗೊತ್ತಿದ್ದವರು ದಯವಿಟ್ಟು ತಿಳಿಸಿ.