ಕಡಂಬುಟ್ಟು ಬಿಟ್ಟ ಮೇಲೆ ಊಟ ಆದೊಡನೆ ಹೊಟ್ಟೆನೋವು: ಜಿಡ್ಡು ಜಾಸ್ತಿ ಆಯಿತಾ?

ಸುಂಟಿಕೊಪ್ಪದ ಸೊಸೆ:
ನಮ್ಮ ಭಾವನವರಿಗೆ 46 ವರ್ಷ, ಸಕ್ಕರೆ ಕಾಯಿಲೆ ಇದೆ. ಈಗ ಅನ್ನ, ಅಕ್ಕಿ ಒಟ್ಟಿ, ಕಡಂಬುಟ್ಟಿನಂಥ (ಅಕ್ಕಿ ತರಿಯ ಉಂಡೆ) ಪುಟ್ಟು ಎಲ್ಲ ಬಿಟ್ಟು ಲೋ-ಕಾರ್ಬ್ (ಪಿಷ್ಟ ಕಡಿಮೆ ಮಾಡುವ) ಪಥ್ಯ ಮಾಡುತ್ತಿದ್ದಾರೆ. ಬೆಳಿಗ್ಗೆ ತಿಂಡಿ ಇಲ್ಲ, ಬೆಲ್ಲ ಹಾಕದ ಕಪ್ಪು ಕಾಫಿ ಮಾತ್ರ. ಮಧ್ಯಾಹ್ನ ಎರಡರ ಹೊತ್ತಿಗೆ ಪಂದಿಕರಿ (ಹಂದಿಮಾಂಸ) ಅಥವಾ ಕೋಳಿ, ತುಪ್ಪದಲ್ಲಿ ಹುರಿದ ಮೊಟ್ಟೆ, ಸ್ವಲ್ಪ ಸೌತೆಕಾಯಿ. ರಾತ್ರಿ ಪನೀರ್, ತೋಟದ ಒಂದು ಬೆಣ್ಣೆಹಣ್ಣು, ಬಾಯಿ ಚಪಲಕ್ಕೆ ಶುಗರ್ ಫ್ರೀ ಚಾಕೊಲೇಟ್. ತಿಂಗಳಿಗೆ ಏಳು ಕೆಜಿ ಇಳಿದಿದ್ದಾರೆ. ಮಧ್ಯಾಹ್ನ ಊಟವಾಗಿ ಮುಕ್ಕಾಲು ಗಂಟೆಗೆ ಹೊಟ್ಟೆಯ ಮೇಲ್ಭಾಗ, ಬಲಗಡೆ, ಹಿಡಿದುಕೊಂಡ ಹಾಗೆ ನೋವು. ಒಂದೆರಡು ಗಂಟೆ ಇದ್ದು ತಾನಾಗಿ ಹೋಗುತ್ತದೆ. ರಾತ್ರಿ ಆ ನೋವಿಲ್ಲ, ಹೊಟ್ಟೆ ಉಬ್ಬರ, ಗುಡುಗುಡು. ಮೋಷನ್ ಎರಡು ಮೂರು ದಿನಕ್ಕೊಮ್ಮೆ. ಗ್ಯಾಸ್ ಮಾತ್ರೆಗೆ ಬಗ್ಗುತ್ತಿಲ್ಲ. ಪಥ್ಯ ಬಿಡಬೇಕಾ, ಇಲ್ಲ ಒಗ್ಗಿಕೊಳ್ಳುತ್ತದೆ ಅಂತ ಕಾಯಬೇಕಾ?

ಪಥ್ಯದ ಲೆಕ್ಕ:
ಕಾಯಬೇಡಿ ಅಕ್ಕ. ನೀವು ಬರೆದಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಗ್ಯಾಸ್ ಅನ್ನುವ ಒಂದೇ ಹೆಸರಿಟ್ಟರೆ ಯಾವುದೂ ಸಿಕ್ಕುವುದಿಲ್ಲ.

ಮಧ್ಯಾಹ್ನದ ನೋವು ಪಿತ್ತಕೋಶದ್ದು ಅನ್ನುವ ಅನುಮಾನ ಮೊದಲು. ಜಿಡ್ಡಿನ ಊಟ ಸಣ್ಣಕರುಳಿಗೆ ಇಳಿದಾಗ ಅಲ್ಲಿಂದ ಹೊರಡುವ ಹಾರ್ಮೋನು ಪಿತ್ತಕೋಶವನ್ನು ಹಿಂಡುತ್ತದೆ. ಒಳಗೆ ಕಲ್ಲಿದ್ದು ಅದು ಪಿತ್ತಕೋಶದ ಬಾಯಿಗೆ ಸಿಕ್ಕಿಕೊಂಡರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋವು ಶುರು. ಬಲ ಪಕ್ಕೆಲುಬಿನ ಕೆಳಗೆ ಅಥವಾ ನಡುಮಧ್ಯೆ ಬಂದು, ಬಲ ಭುಜಕ್ಕೋ ಬೆನ್ನಿಗೋ ಹಬ್ಬುವುದುಂಟು. ಕಲ್ಲು ಜಾರಿ ಹಿಂದಕ್ಕೆ ಹೋದರೆ ನೋವೂ ಹೋಗುತ್ತದೆ. ಹೋಯಿತಲ್ಲ ಅಂತ ಜನ ಸುಮ್ಮನಾಗುವುದೂ ಇದಕ್ಕೇ.

ಇವರಲ್ಲಿ ಕಲ್ಲಾಗಲು ಎರಡು ಕಾರಣ ಕಾಣುತ್ತಿದೆ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ತೂಕ ಇಳಿದರೆ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿ ಹರಳುಗಟ್ಟುವ ಸಾಧ್ಯತೆ ಏರುತ್ತದೆ. ಏಳು ಕೆಜಿ ಅಂದರೆ ಆ ಗೆರೆ ದಾಟಿದೆ. ಎರಡನೆಯದು, ರಾತ್ರಿಯಿಂದ ಮರುದಿನ ಎರಡರವರೆಗೆ ಹೊಟ್ಟೆಗೆ ಕಪ್ಪು ಕಾಫಿ ಬಿಟ್ಟು ಏನೂ ಇಲ್ಲ. ಅಷ್ಟು ಹೊತ್ತು ಪಿತ್ತಕೋಶ ಸರಿಯಾಗಿ ಖಾಲಿಯಾಗದೆ ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ಆಮೇಲೆ ಒಮ್ಮೆಗೇ ಪಂದಿಕರಿ! ತಕರಾರು ಜಿಡ್ಡಿನ ಮೇಲಲ್ಲ, ಎಲ್ಲ ಜಿಡ್ಡೂ ಒಂದೇ ಊಟಕ್ಕೆ ಬರುವುದರ ಮೇಲೆ. ಹಾಗಂತ ಜಿಡ್ಡು ಪೂರ್ತಿ ಬಿಡುವುದೂ ತಪ್ಪು. ದಿನಕ್ಕೆ ಒಂದು ಊಟದಲ್ಲಾದರೂ 10 ಗ್ರಾಂ ಕೊಬ್ಬು ಇದ್ದರೆ ಪಿತ್ತಕೋಶ ಖಾಲಿಯಾಗುತ್ತಿರುತ್ತದೆ.

ಮಾಡಿಸಬೇಕಾದ್ದು: ಹೊಟ್ಟೆಯ ಅಲ್ಟ್ರಾಸೌಂಡ್. ಜೊತೆಗೆ ರಕ್ತದಲ್ಲಿ ಲಿವರ್ ಪರೀಕ್ಷೆ, ಲೈಪೇಸ್ (ಮೇದೋಜೀರಕ ಗ್ರಂಥಿಯ ಕಿಣ್ವ), ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು). ಟ್ರೈಗ್ಲಿಸರೈಡ್ 1000 ದಾಟಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ, ಆಗ ಈ ಪಥ್ಯದ ಮಾತೇ ಬೇರೆ. ಒಂದು ಇಸಿಜಿಯನ್ನೂ ಸೇರಿಸಿ. ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ನೋವು ಹೊಟ್ಟೆನೋವಿನ ವೇಷದಲ್ಲಿ ಬರುವುದುಂಟು. ತೋಟದ ಏರು ಹತ್ತುವಾಗ ಬಂದು, ನಿಂತರೆ ಹೋಗುವ ನೋವಾದರೆ ಸ್ಕ್ಯಾನಿಗಿಂತ ಇಸಿಜಿ ಮೊದಲು.

ರಾತ್ರಿಯ ಗುಡುಗುಡು ಆ ಚಾಕೊಲೇಟಿನದ್ದು. ಪ್ಯಾಕೆಟ್ ಹಿಂದೆ ಮಾಲ್ಟಿಟಾಲ್, ಸಾರ್ಬಿಟಾಲ್ ಅನ್ನುವ ಬದಲಿ ಸಕ್ಕರೆಗಳ ಹೆಸರು ಇದೆಯಾ ನೋಡಿ. ಇವನ್ನು ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ, ಇವು ನೀರು ಎಳೆದುಕೊಂಡು ಕೆಳಗಿಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಗಾಳಿ ತುಂಬುತ್ತವೆ. ಬೆಣ್ಣೆಹಣ್ಣಿನಲ್ಲೂ ಅದೇ ಜಾತಿಯ ಸಕ್ಕರೆ ಸ್ವಲ್ಪ ಇದೆ. ನಮ್ಮ ತೋಟದ ಹಣ್ಣೆಂದರೆ ಅರ್ಧ ಕೆಜಿ ತೂಗುವುದೂ ಇದೆ, ಅದನ್ನು ಒಂದು ಅಂತ ಎಣಿಸಬೇಡಿ. ಕಾಲು ಭಾಗ ಸಾಕು. ಒಂದು ವಾರ ಚಾಕೊಲೇಟ್ ನಿಲ್ಲಿಸಿದರೆ ಉತ್ತರ ತಾನೇ ಗೊತ್ತಾಗುತ್ತದೆ.

ಕಾಚಂಪುಳಿ:
ಅಡುಗೆಮನೆ ಕಡೆಯಿಂದ ಒಂದಿಷ್ಟು. ನೆಣ ಜಾಸ್ತಿ ಇರುವ ಹೊಟ್ಟೆಭಾಗದ ಹಸಿ ಮಾಂಸದಲ್ಲಿ 100 ಗ್ರಾಂಗೆ ಹೆಚ್ಚುಕಡಿಮೆ 50 ಗ್ರಾಂ ಕೊಬ್ಬು. ಕಡಂಬುಟ್ಟು ತಟ್ಟೆಯಲ್ಲಿದ್ದಾಗ ನಾಲ್ಕು ತುಂಡಿಗೆ ಹೊಟ್ಟೆ ತುಂಬುತ್ತಿತ್ತು. ಪುಟ್ಟು ಹೋದ ಜಾಗವನ್ನು ಕರಿಯೇ ತುಂಬಿದರೆ 250 ಗ್ರಾಂ ಸುಲಭವಾಗಿ ಇಳಿಯುತ್ತದೆ, ಅಲ್ಲಿಗೆ ನೂರು ಗ್ರಾಂ ಮೇಲೆ ಕೊಬ್ಬು. ಅದರ ಮೇಲೆ ಮೊಟ್ಟೆಗೆ ಎರಡು ದೊಡ್ಡ ಚಮಚ ತುಪ್ಪ, ಮತ್ತೆ 27 ಗ್ರಾಂ.

ಕರಿ ಬಿಡಬೇಕಿಲ್ಲ. ತೊಡೆಭಾಗದ ಮಾಂಸ ಹಾಕಿಸಿಕೊಳ್ಳಿ, ಎಣ್ಣೆ ಹಾಕದೆ ಅದರ ನೆಣದಲ್ಲೇ ಬೇಯಿಸಿ. ಹಿಂದಿನ ದಿನವೇ ಮಾಡಿ, ಆರಿಸಿ, ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಅದನ್ನು ಚಮಚದಲ್ಲಿ ಎತ್ತಿ ತೆಗೆದು ಬಿಸಿ ಮಾಡಿ. ಕಾಚಂಪುಳಿಯನ್ನು (ಕೊಡಗಿನ ಕಪ್ಪು ಹುಳಿರಸ) ಕೊನೆಗೆ, ಒಂದು ಕೆಜಿಗೆ ಒಂದು ದೊಡ್ಡ ಚಮಚದಷ್ಟು ಮಾತ್ರ. ಎದೆಯುರಿ, ಹುಳಿತೇಗು ಇರುವವರಿಗೆ ಕಾಚಂಪುಳಿ ಮತ್ತು ಗಾಂಧಾರಿ ಮೆಣಸು ಜೊತೆಯಾದರೆ ಉರಿ ಇನ್ನೂ ಏರುತ್ತದೆ.

ಸೌತೆಕಾಯಿ ನಾಲ್ಕು ಹೋಳು ತರಕಾರಿ ಲೆಕ್ಕಕ್ಕೆ ಬರುವುದಿಲ್ಲ. ಬೀನ್ಸ್, ಎಲೆಕೋಸು, ಸೊಪ್ಪಿನ ಪಲ್ಯ, ಅಣಬೆ, ಇವುಗಳಲ್ಲಿ ಯಾವುದಾದರೂ ಎರಡು ಬಟ್ಟಲು ಬೇಯಿಸಿದ್ದು ಇರಲಿ. ಕಣಿಲೆ (ಎಳೆ ಬಿದಿರು) ಸಿಕ್ಕುವ ಕಾಲದಲ್ಲಿ ಅದರ ಬೈಂಬಳೆ ಕರಿ ಒಳ್ಳೆಯದೇ, ಆದರೆ ತೆಳ್ಳಗೆ ಹೆಚ್ಚಿ ಎರಡು ದಿನ ನೀರು ಬದಲಿಸುತ್ತಾ ನೆನೆಸಿ, ಆಮೇಲೆ ಕುದಿಸಿ ಆ ನೀರು ಚೆಲ್ಲಿ. ಅವಸರ ಮಾಡಿದ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಉಳಿಯುತ್ತದೆ, ಅದು ಬೇರೆಯೇ ಹೊಟ್ಟೆನೋವು. ಮೋಷನ್ನಿಗೆ ಇಸಬ್ಗೋಲು ಒಂದು ಟೀ ಚಮಚ, ಒಂದು ದೊಡ್ಡ ಲೋಟ ನೀರಿನಲ್ಲಿ, ಕೂಡಲೇ ಕುಡಿಯಬೇಕು. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ.

ಔಷಧಿ ಅಂಗಡಿ:
ಎಲ್ಲರೂ ತಟ್ಟೆ ನೋಡುತ್ತಿದ್ದೀರಿ, ಮಾತ್ರೆಯ ಸ್ಟ್ರಿಪ್ ಯಾರೂ ಕೇಳಲಿಲ್ಲ. ಭಾವನವರು ಏನೇನು ತೆಗೆದುಕೊಳ್ಳುತ್ತಾರೆ? ಕಂಪನಿ ಹೆಸರು ಬೇಡ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಬರೆಯಿರಿ.

ಸುಂಟಿಕೊಪ್ಪದ ಸೊಸೆ:
ಡಾಪಾಗ್ಲಿಫ್ಲೋಜಿನ್ 10, ಮೆಟ್‌ಫಾರ್ಮಿನ್ 500, ಎರಡೂ ಒಂದೇ ಮಾತ್ರೆಯಲ್ಲಿ, ಬೆಳಿಗ್ಗೆ ಕಾಫಿ ಜೊತೆ. ರಾತ್ರಿ ಇನ್ನೊಂದು ಮೆಟ್‌ಫಾರ್ಮಿನ್. ಮಂಡಿನೋವಿಗೆ ಆಗಾಗ ಡೈಕ್ಲೋಫೆನಾಕ್. ಪಥ್ಯ ಶುರು ಮಾಡಿದ್ದು ಡಾಕ್ಟರಿಗೆ ಹೇಳಿಲ್ಲ.

ಔಷಧಿ ಅಂಗಡಿ:
ಹಾಗಾದರೆ ಸ್ಕ್ಯಾನಿಗಿಂತ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ.

ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅನ್ನ ಬಿಟ್ಟಿದ್ದಾರೆ, ಅರ್ಧ ದಿನ ಉಪವಾಸ ಬೇರೆ. ಇವು ಮೂರೂ ಸೇರಿದರೆ ದೇಹ ಕೊಬ್ಬನ್ನೇ ಉರಿಸಿ ರಕ್ತದಲ್ಲಿ ಕೀಟೋನ್ ಆಮ್ಲ ಮಿತಿಮೀರಬಹುದು. ಇದರ ಮೋಸ ಏನೆಂದರೆ ಗ್ಲುಕೋಮೀಟರಿನಲ್ಲಿ 150, 180 ಅಂತ ಸಾಧಾರಣ ಅಂಕಿಯೇ ಕಾಣುತ್ತದೆ. ಹೊಟ್ಟೆನೋವು, ವಾಕರಿಕೆ, ವಾಂತಿ, ವಿಪರೀತ ಸುಸ್ತು, ಜೋರು ಉಸಿರು ಇದರ ಗುರುತು. ದಿನಾ ಊಟದ ನಂತರ ಬಂದು ಹೋಗುವ ನೋವು ಸಾಮಾನ್ಯವಾಗಿ ಇದಲ್ಲ, ಇದು ಬಂದರೆ ಬಿಡದೆ ಏರುತ್ತಲೇ ಹೋಗುತ್ತದೆ. ಆದರೂ ಈ ಮಾತ್ರೆ ಮತ್ತು ಈ ಪಥ್ಯ ಒಟ್ಟಿಗೆ ನಡೆಯಬಾರದು. ಯಾವುದನ್ನು ಬಿಡಬೇಕು, ಬದಲಿಗೆ ಏನು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಅದಕ್ಕೆ ಮೊದಲೇ ವಾಂತಿ ಶುರುವಾದರೆ ಅಥವಾ ಊಟ ಸೇರದಿದ್ದರೆ ಆ ದಿನ ಆ ಮಾತ್ರೆ ಕೊಡದೆ ಆಸ್ಪತ್ರೆಗೆ ಹೋಗಿ, ರಕ್ತದ ಕೀಟೋನ್ ನೋಡಿಸಿ. 3 ಮಿಲಿಮೋಲ್ ದಾಟಿದ್ದರೆ ತುರ್ತು. ಮೂತ್ರದ ಪಟ್ಟಿಯನ್ನು ನಂಬಿ ಕೂರಬೇಡಿ, ರಕ್ತದಲ್ಲಿ ಹೆಚ್ಚಾಗಿರುವ ಮುಖ್ಯ ಕೀಟೋನನ್ನು ಅದು ಅಳೆಯುವುದೇ ಇಲ್ಲ.

ಮೆಟ್‌ಫಾರ್ಮಿನ್ ಖಾಲಿ ಹೊಟ್ಟೆಗೆ ಹೋದರೆ ಹೊಟ್ಟೆ ಕೆಡಿಸುತ್ತದೆ, ಊಟದ ನಡುವೆ ನುಂಗಬೇಕಾದ್ದು. ಕಾಫಿ ಊಟವಲ್ಲ. ಡೈಕ್ಲೋಫೆನಾಕ್ ಜಠರದಲ್ಲಿ ಹುಣ್ಣು ಮಾಡುತ್ತದೆ, ಆ ಹುಣ್ಣಿನ ನೋವೂ ಊಟವಾದ ಮೇಲೆಯೇ ಬರುವುದುಂಟು. ಅದನ್ನಂತೂ ಈಗಲೇ ನಿಲ್ಲಿಸಿ. ಮಂಡಿಗೆ ಹಚ್ಚುವ ಜೆಲ್ ಸಾಕು.

ಸ್ಕ್ಯಾನಿನಲ್ಲಿ ಕಲ್ಲು ಕಂಡು ಆಪರೇಷನ್ ಅಂತಾದರೆ ಡಾಪಾಗ್ಲಿಫ್ಲೋಜಿನ್ ಕನಿಷ್ಠ ಮೂರು ದಿನ ಮುಂಚೆ ನಿಲ್ಲಬೇಕು. ಸರ್ಜನ್ ಕೇಳದಿದ್ದರೂ ನೀವೇ ಹೇಳಿ.

ಬೆಟ್ಟದಾಚೆ:
ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಕಲ್ಲು ಬಿದ್ದುಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆಯಲ್ಲ, ಅದನ್ನು ಮಾಡಿ ನೋಡಬಹುದಾ?

ಪಥ್ಯದ ಲೆಕ್ಕ:
ಬೇಡ. ಹಸಿರು ಉಂಡೆಯಾಗಿ ಬೀಳುವುದು ಆ ಎಣ್ಣೆಯೇ, ಹೊಟ್ಟೆಯೊಳಗೆ ಸಾಬೂನಿನ ಹಾಗೆ ಗಟ್ಟಿಯಾಗಿ. ಕಲ್ಲು ಇದ್ದಲ್ಲೇ ಇರುತ್ತದೆ. ಅಷ್ಟು ಎಣ್ಣೆ ಒಮ್ಮೆಗೇ ಕುಡಿದರೆ ಪಿತ್ತಕೋಶ ಜೋರಾಗಿ ಹಿಂಡಿ ಕಲ್ಲು ನಾಳಕ್ಕೆ ಬಂದು ಕೂರಬಹುದು. ಜೀರಿಗೆ ಕಷಾಯ, ಶುಂಠಿ ಉಬ್ಬರಕ್ಕೆ ಆದೀತು, ಕಲ್ಲಿಗಲ್ಲ.

ಸೊಸೆಯಕ್ಕ, ನೋವು ಐದಾರು ಗಂಟೆ ಬಿಡದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ, ಮಲ ಡಾಂಬರಿನಂತೆ ಕಪ್ಪಾದರೆ ಬೆಳಗಾಗಲಿ ಅನ್ನದೆ 108ಕ್ಕೆ ಕರೆ ಮಾಡಿ ಮಡಿಕೇರಿಗೆ ಹೊರಡಿ. ಮಳೆಗಾಲದ ರಾತ್ರಿ ರಸ್ತೆಗೆ ಮರ ಬಿದ್ದರೆ ಎಷ್ಟು ಹೊತ್ತಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಸುಂಟಿಕೊಪ್ಪದ ಸೊಸೆ:
ಡಾಕ್ಟರ್ ಜೊತೆ ಮಾತಾಡಿದೆವು. ಆ ಮಾತ್ರೆ ಸದ್ಯಕ್ಕೆ ನಿಲ್ಲಿಸಿ ಬೇರೆ ಬರೆದಿದ್ದಾರೆ, ನಾಳೆ ಬೆಳಿಗ್ಗೆ ಸ್ಕ್ಯಾನ್. ಹೋಗುವ ಮುಂಚೆ ಕಪ್ಪು ಕಾಫಿ ಕುಡಿಯಬಹುದಾ? ಅದಿಲ್ಲದೆ ಭಾವ ಏಳುವುದೇ ಇಲ್ಲ.

ಪಥ್ಯದ ಲೆಕ್ಕ:
ಇಲ್ಲ. ಕಾಫಿಗೂ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಚಪ್ಪಟೆಯಾದ ಚೀಲದಲ್ಲಿ ಸಣ್ಣ ಕಲ್ಲು ಕಾಣುವುದಿಲ್ಲ. ಆರರಿಂದ ಎಂಟು ಗಂಟೆ ಬರೀ ನೀರು. ಫ್ಲಾಸ್ಕಿನಲ್ಲಿ ತುಂಬಿಸಿಕೊಂಡು ಹೋಗಿ, ಸ್ಕ್ಯಾನ್ ಮುಗಿಸಿ ಹೊರಗೆ ಬಂದೊಡನೆ ಕೊಡಿ, ಜೊತೆಗೆ ಒಂದು ಬೇಯಿಸಿದ ಮೊಟ್ಟೆಯನ್ನೂ.