ರಜೆಯಲ್ಲಿ ಬಿಸಿಯೂಟ: ಬರದ ವರ್ಷ ಮಾತ್ರ ಕೊಟ್ಟರೆ ಸಾಕಾ?

ರಾಯಚೂರು ಹುಡುಗ: 2024ರ ಬೇಸಿಗೆಯಲ್ಲಿ ಬರ ಘೋಷಣೆಯಾದ 223 ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಲು ಸರ್ಕಾರ ಆದೇಶ ಮಾಡಿತ್ತು. ಬರ ಬಿದ್ದ ಕಡೆ ರಜೆಯಲ್ಲೂ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆದರೆ ಬರ ಘೋಷಣೆ ಆಗದ ವರ್ಷ? ಏಪ್ರಿಲ್ ಬಂತು ಅಂದರೆ ಶಾಲೆಯ ಒಲೆ ಆರುತ್ತದೆ. ನಮ್ಮ ಕಡೆ ಹೊಲದಲ್ಲಿ ಕೂಲಿ ಸಿಗದ ತಿಂಗಳುಗಳೂ ಅವೇ. ಪ್ರತಿ ವರ್ಷ ಕೊಡಬೇಕು ಅನ್ನೋದು ನನ್ನ ಮಾತು.

ಲೆಕ್ಕಪತ್ರ: ಊಟವೇ ಯಾಕೆ ಬೇಕು? ಕೊರೊನಾ ಕಾಲದಲ್ಲಿ ಅಕ್ಕಿ, ಬೇಳೆ ಮನೆಗೇ ಕೊಟ್ಟರಲ್ಲ, ಹಾಗೇ ಕೊಡಲಿ. ಎಷ್ಟು ಮಕ್ಕಳು ಬರುತ್ತಾರೋ ಗೊತ್ತಿಲ್ಲದೆ ಬೇಯಿಸಿದರೆ ಅನ್ನ ಹಾಳು.

ಅಡುಗೆಯವರ ಮಗಳು: ಅಣ್ಣ, ಐದನೇ ಕ್ಲಾಸಿನ ತನಕ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ. ತಿಂಗಳಿಗೆ ಎರಡೂವರೆ ಕಿಲೋ ಆಗಬಹುದು. ಆರು ಜನರ ಮನೆಯಲ್ಲಿ ಅದು ಎಷ್ಟು ದಿನ ಬರುತ್ತದೆ? ತಾಟಿಗೆ ಬಡಿಸಿದ ಅನ್ನ ಮಗುವಿನ ಹೊಟ್ಟೆಗೇ ಹೋಗುತ್ತದೆ.

ಆದರೆ ಬೇಯಿಸುವವರನ್ನೂ ನೋಡಿ. ಕೇಂದ್ರದ ನಿಯಮದಲ್ಲಿ ಅಡುಗೆಯವರ ಗೌರವಧನ ವರ್ಷಕ್ಕೆ 10 ತಿಂಗಳ ಲೆಕ್ಕ. 2024ರ ಆ ಬೇಸಿಗೆಯಲ್ಲಿ ನಮ್ಮವ್ವ ಏಳು ಗಂಟೆಗೇ ಒಲೆ ಹಚ್ಚುತ್ತಿದ್ದಳು. ಹನ್ನೊಂದಾದರೆ ತಗಡಿನ ಕೋಣೆಯಲ್ಲಿ ನಿಲ್ಲೋಕೇ ಆಗ್ತಿರಲಿಲ್ಲ. ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಸಾಂಬಾರು ತಿರುವುತ್ತಿದ್ದಳು. ಆ ಬೇಸಿಗೆ ಕೆಲಸದ ದುಡ್ಡು ಕೈಗೆ ಬಂದಿದ್ದು ಮಳೆಗಾಲದಲ್ಲಿ.

ಹಳ್ಳಿ ಮೇಷ್ಟ್ರು: ನಮ್ಮ ಶಾಲೆಯಲ್ಲಿ ಅನ್ನ ಹಾಳಾಗಲಿಲ್ಲ ಸರ್. ಮೂರ್ನಾಲ್ಕು ದಿನದಲ್ಲಿ ಎಷ್ಟು ಅಕ್ಕಿ ಹಾಕಬೇಕು ಅಂತ ಅಡುಗೆಯವರಿಗೇ ಅಂದಾಜು ಸಿಕ್ಕಿತು. ತೊಂದರೆ ಆಗಿದ್ದು ಊಟಕ್ಕೆ ಬರುವ ಮಕ್ಕಳ ಪಟ್ಟಿಯಿಂದ. ಪಟ್ಟಿಯಲ್ಲಿದ್ದ ಎಷ್ಟೋ ಮಕ್ಕಳು ಅಪ್ಪ-ಅಮ್ಮನ ಜೊತೆ ಗುಳೆ ಹೋಗಿದ್ದರು. ಬೇರೆ ಊರಿನಿಂದ ಅಜ್ಜಿ ಮನೆಗೆ ಬಂದ ಮಕ್ಕಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಒಂದು ದಿನ ಒಬ್ಬ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಚಿಕ್ಕಪ್ಪನ ಮಗನ ತಾಟು ತೊಳೆದು ತಂದುಕೊಟ್ಟು, ತಾನು ಹೊರಗೇ ನಿಂತಳು. ಅವಳಿಗೂ ಬಡಿಸಿದೆವು. ಆಮೇಲೆ ತಪಾಸಣೆಗೆ ಬಂದವರು ತಾಟು ಎಣಿಸಿ, ಹಾಜರಿ ನೋಡಿ, ಒಂದು ತಾಟು ಜಾಸ್ತಿ ಯಾಕೆ ಅಂತ ನನ್ನಿಂದ ಬರೆಸಿಕೊಂಡರು.

ರಜೆಯಲ್ಲಿ ಮಗು ಯಾವ ಊರಲ್ಲಿದೆಯೋ ಆ ಊರಿನ ಶಾಲೆಯಲ್ಲೇ ಊಟ ಸಿಗಬೇಕು. ಇದೊಂದು ನಿಯಮ ಆದರೆ ಅರ್ಧ ತಲೆನೋವು ಹೋಗುತ್ತದೆ.

ಲೆಕ್ಕಪತ್ರ: ಒಂದೇ ಮಗುವಿನ ಹೆಸರು ಎರಡು ಕಡೆ ಬರೆದರೆ?

ಹಳ್ಳಿ ಮೇಷ್ಟ್ರು: ಪ್ರತಿ ಮಗುವಿಗೂ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಇದೆಯಲ್ಲ ಸರ್. ವರ್ಗಾವಣೆಗೆ ಅದನ್ನೇ ಬಳಸುತ್ತೇವೆ. ಊಟಕ್ಕೂ ಅದನ್ನೇ ಬರೆಯೋಣ.

ಲೆಕ್ಕಪತ್ರ: ಅದಾದರೆ ನನ್ನ ತಕರಾರಿಲ್ಲ. ಅಕ್ಕಿ ಮನೆಗೆ ಕೊಡಿ ಅಂದಿದ್ದನ್ನು ಬಿಡುತ್ತೇನೆ. ಆದರೆ ರಜೆಯಲ್ಲಿ ಶಾಲೆ ತೆರೆಯೋರು ಯಾರು? ಮೇಷ್ಟ್ರಿಗೂ ಮನೆ ಇದೆ ಅಲ್ವಾ?

ರಾಯಚೂರು ಹುಡುಗ: ಸರದಿ ಹಾಕಿಕೊಳ್ಳಲಿ. ಕೆಲಸ ಮಾಡಿದ ದಿನಕ್ಕೆ ಗಳಿಕೆ ರಜೆ ಕೊಡಲಿ. ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯವರೂ ಒಬ್ಬೊಬ್ಬರು ನಿಲ್ಲಬಹುದು.

ಅಡುಗೆಯವರ ಮಗಳು: ಅಡುಗೆ ಕೋಣೆಯ ಕೀಲಿ ಹೇಗೂ ನಮ್ಮವ್ವನ ಹತ್ತಿರವೇ ಇರುತ್ತದೆ. ಹಾಜರಿ ಬರೆಯೋಕೆ ಒಬ್ಬರು ಬಂದರೆ ಸಾಕು ಅಂತಾಳೆ. ಮತ್ತೆ ಮೇ ತಿಂಗಳ ದುಡ್ಡು ಮೇನಲ್ಲೇ ಬರಬೇಕು.