ಅತ್ತೆ ಕೋಣೆಯ ಟಿವಿ ಮಾತ್ರ ಚೌಕ ಚೌಕ, ಬೂಸ್ಟರ್ ಹಾಕಿದರೂ ಹೋಗಿಲ್ಲ

ಹಾಸನದಸೊಸೆ:
ಕೇಬಲ್ ಕಂಬದಿಂದ ತಾರಸಿಗೆ ಬರುತ್ತದೆ. ಅಲ್ಲಿ ನಾಲ್ಕು ಬಾಯಿಯ ಸ್ಪ್ಲಿಟರ್ ಇದೆ. ಬಾಡಿಗೆಯವರು ಇದ್ದಾಗ ಹಾಕಿಸಿದ್ದು, ಈಗ ಎರಡು ಬಾಯಿ ಖಾಲಿ. ಒಂದು ವೈರ್ ಮಹಡಿಗೆ, ಇನ್ನೊಂದು ಕೆಳಗೆ ಹಾಲ್‌ಗೆ. ಹಾಲ್ ಟಿವಿ ಹಿಂದೆ ಮತ್ತೊಂದು ಎರಡು ಬಾಯಿಯ ಸ್ಪ್ಲಿಟರ್, ಅಲ್ಲಿಂದ ಹಿಂದಿನ ಕೋಣೆಗೆ ಉದ್ದದ ವೈರ್. ಅಲ್ಲೇ ತೊಂದರೆ. ವಾರ್ತೆ ಚೆನ್ನಾಗಿ ಬರುತ್ತೆ. ಆದರೆ ಏಳೆಂಟು ಚಾನೆಲ್ ಒಟ್ಟಿಗೇ ಒಡೆಯುತ್ತವೆ, ಅದರಲ್ಲೇ ಅತ್ತೆಯ ಸೀರಿಯಲ್ಲೂ! ಅವರ ಬಾಕ್ಸ್ ಪಕ್ಕದಲ್ಲಿ 450 ರೂಪಾಯಿಯ ಬೂಸ್ಟರ್ ಇಟ್ಟೆ. ಕೇಬಲ್ ಹುಡುಗ ಬಂದು 'ಸಿಗ್ನಲ್ ಇದೆ ಅಕ್ಕ' ಅಂತ ಹೇಳಿ ಹೋದ. ಏನು ಮಾಡಲಿ?

ಚುರುಮುರಿ:
ಸುಮ್ನೆ ತಾರಸಿ ಮೇಲೊಂದು ಡಿಶ್ ಛತ್ರಿ ಹಾಕಿಸಿ, ತಲೆನೋವು ಮುಗೀತು.

ಹಳೇಲೈನ್‌ಮನ್:
ಛತ್ರಿ ಯಾಕೆ ಸ್ವಾಮಿ, ಇದು ಮನೆಯೊಳಗಿನ ಲೆಕ್ಕ. ತಿಪಟೂರಿನಲ್ಲಿ ಹದಿನೈದು ವರ್ಷ ಕಂಬ ಹತ್ತಿದವನು ನಾನು.

ಅಕ್ಕ, ಸ್ಪ್ಲಿಟರ್ ಅಂದರೆ ಹಂಚಿಕೆ. ಎರಡು ಬಾಯಿಯದು ಪ್ರತಿ ಬಾಯಿಗೂ ಮೂರೂವರೆಯಿಂದ ನಾಲ್ಕು ಡಿಬಿ (ಸಿಗ್ನಲ್ ಬಲ ಅಳೆಯುವ ಲೆಕ್ಕ) ಕಳೆಯುತ್ತದೆ, ನಾಲ್ಕು ಬಾಯಿಯದು ಏಳೆಂಟು. ಖಾಲಿ ಬಾಯಿ ಸುಮ್ಮನಿರುತ್ತೆ ಅಂದುಕೊಳ್ಳಬೇಡಿ, ಅದೂ ತನ್ನ ಪಾಲು ತಿನ್ನುತ್ತದೆ. ತಾರಸಿಗೆ 66 ಡಿಬಿ ಬಂತು ಅಂತಿಟ್ಟುಕೊಳ್ಳಿ. ನಾಲ್ಕು ಬಾಯಿಗೆ 8, ಹಾಲ್‌ನದಕ್ಕೆ 4, ವೈರಿಗೆ 6. ಉಳಿದಿದ್ದು 48. ಬಾಕ್ಸಿಗೆ ಅದು ಅಂಚು.

ವೈರಿನಲ್ಲಿ ಮೊದಲು ಸೋರುವುದು ಮೇಲಿನ ಫ್ರೀಕ್ವೆನ್ಸಿ. ಕೇಬಲ್ ಟಿವಿಗೆ ಹಾಕುವ ಆರ್‌ಜಿ 6 ವೈರಿನಲ್ಲಿ 100 ಮೀಟರಿಗೆ 50 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಡಿಬಿ ಹೋದರೆ, 800ರಲ್ಲಿ ಹೆಚ್ಚುಕಡಿಮೆ 20. ಡಿಜಿಟಲ್‌ನಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್ ತುಂಬಿರುತ್ತಾರೆ. ಅದಕ್ಕೇ ಏಳೆಂಟು ಒಟ್ಟಿಗೇ ಮಲಗುವುದು. ಹಳೇ ಕಾಲದಲ್ಲಾದರೆ ಚುಕ್ಕಿ ಚುಕ್ಕಿ ಬಂದು ಮೊದಲೇ ಗೊತ್ತಾಗುತ್ತಿತ್ತು. ಈಗ ಕೊನೆಯವರೆಗೂ ಚಿತ್ರ ಚೆನ್ನ, ಅಂಚು ದಾಟಿದ ಕೂಡಲೇ ಚೂರು.

ಬೂಸ್ಟರ್ ತಪ್ಪು ಜಾಗದಲ್ಲಿದೆ. ಸೊರಗಿದ ಮೇಲೆ ಎತ್ತಿದರೆ ಗದ್ದಲವೂ ಜೊತೆಗೇ ಎದ್ದು ಬರುತ್ತದೆ. ಅದನ್ನು ಕಳಚಿಡಿ. ತಾರಸಿಯಲ್ಲಿ ಎರಡು ಬಾಯಿಯ ಸ್ಪ್ಲಿಟರ್ ಹಾಕಿ, ನಾಲ್ಕು ಡಿಬಿಯಷ್ಟು ವಾಪಸ್ ಬರುತ್ತೆ. ಆಮೇಲೆ ವೈರಿನ ತುದಿಯ ಪಿನ್‌ಗಳನ್ನು ಬಿಚ್ಚಿ ನೋಡಿ. ನಾನು ನೋಡಿದ ದೂರುಗಳಲ್ಲಿ ಅರ್ಧ ಪಿನ್‌ನವೇ.

ಹಾಸನದಸೊಸೆ:
ಭಾನುವಾರ ಯಜಮಾನರು ತಾರಸಿ ಹತ್ತಿದರು. ಸ್ಪ್ಲಿಟರ್ ತಿರುಪು ತುಕ್ಕು ಹಿಡಿದಿತ್ತು, ಡಬ್ಬಿಯೊಳಗೆ ಇರುವೆ ಗೂಡು! ಅದನ್ನು ಕಿತ್ತು ಹೊಸದು ಹಾಕಿದರು. ಬಾಕ್ಸ್ ಮೆನುವಿನಲ್ಲಿ ಸಿಗ್ನಲ್ 38 ಇದ್ದದ್ದು 47ಕ್ಕೆ ಬಂತು. ಆದರೂ ಸೀರಿಯಲ್ ಒಡೆಯುತ್ತಿತ್ತು.

ಆಮೇಲೆ ಹಾಲ್ ಟಿವಿ ಹಿಂದಿನ ಪಿನ್ ಬಿಚ್ಚಿದೆವು. ಕೋಣೆಗೆ ಹೋಗುವುದು ಕೈಯಲ್ಲಿ ತಿರುಗಿಸಿ ಕೂರಿಸಿದ ಹಳೇ ಪಿನ್. ಮೊಬೈಲ್ ಲೈಟ್ ಹಿಡಿದು ನೋಡಿದರೆ, ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿಯೂ ತಾಗದ ಹಾಗೆ ಬಾಗಿತ್ತು. ಕೂದಲಿನಷ್ಟು ದಪ್ಪ. ಒಂದು ಇಂಚು ಕತ್ತರಿಸಿ, ಜಾಲರಿಯನ್ನು ಹಿಂದಕ್ಕೆ ಮಡಚಿ ಹೊಸ ಪಿನ್ ಹಾಕಿದೆವು. ಈಗ 61. ಸೀರಿಯಲ್ ಕನ್ನಡಿ ಥರ ಬರ್ತಿದೆ.

ಆ ಬೂಸ್ಟರನ್ನು ತಾರಸಿಯಲ್ಲೇ ಹಾಕಿದರೆ ಇನ್ನೂ ಜಾಸ್ತಿ ಆಗುತ್ತಾ?

ಹಳೇಲೈನ್‌ಮನ್:
ಬೇಡ. ಜಾಸ್ತಿಯಾದರೂ ಬಾಕ್ಸ್ ತತ್ತರಿಸುತ್ತದೆ, ಮತ್ತೆ ಚೌಕ ಚೌಕವೇ. ಮೆನುವಿನ ಅಂಕಿ ಒಂದೊಂದು ಕಂಪನಿ ಬಾಕ್ಸಿನಲ್ಲಿ ಒಂದೊಂದು ಥರ, ಅದರ ಹಿಂದೆ ಬೀಳಬೇಡಿ. ಮಳೆಗಾಲಕ್ಕೆ ಮೊದಲು ತಾರಸಿ ಡಬ್ಬಿಗೆ ಹೋಗುವ ವೈರನ್ನು ಕೆಳಗಿಂದ ಒಂದು ಸುತ್ತು ಇಳಿಬಿಟ್ಟು ಒಳಗೆ ಸೇರಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತೆ.

ಹಾಸನದಸೊಸೆ:
ಆಯ್ತಣ್ಣ, ಹಾಗೇ ಮಾಡ್ತೀವಿ. ಅತ್ತೆ ಈಗ ಬೂಸ್ಟರಿನ 450 ರೂಪಾಯಿ ಲೆಕ್ಕ ಕೇಳುತ್ತಿದ್ದಾರೆ.